ಕಡಲಾಚೆಯ ಮುಪ್ಪಿಗೆ ಮನೆಮಾತಿನ ಆಸರೆ

ದುಡಿಯಲು ಹೋದವರಿಗೆ ಹೊಸ ದೇಶ ಕೆಲಸ ಕೊಟ್ಟಿತು, ಸೂರು ಕೊಟ್ಟಿತು. ಕೈಕಾಲು ಸೋತ ಮೇಲೆ ಸ್ನಾನ ಮಾಡಿಸುವವರು, ಒಗ್ಗುವ ಊಟ ಬಡಿಸುವವರು, ಆಡಿದ ಮಾತು ಅರ್ಥವಾಗುವವರು ಯಾರು? ಆಸ್ಟ್ರೇಲಿಯಾ ಐವತ್ತು ವರ್ಷಗಳಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ. 2025ರ ನವೆಂಬರ್ 1ರಂದು ಆ ಉತ್ತರ ಕಾನೂನಾಗಿ ಜಾರಿಗೆ ಬಂತು. ಅದರಲ್ಲಿ ಕನ್ನಡಿಗರಿಗೂ ಕೆಲಸವಿದೆ.

ಪಶ್ಚಿಮ ಸಿಡ್ನಿಯ ಒಂದು ಕ್ಲಿನಿಕ್ ಅಂದುಕೊಳ್ಳಿ. ಎಪ್ಪತ್ತೆಂಟರ ಅಜ್ಜಿಯೊಬ್ಬರು ಮಗನ ಪಕ್ಕದಲ್ಲಿ, ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ. ಈಚೆಗೆ ಮರೆವು ಜಾಸ್ತಿಯಾಗಿದೆ. ಒಲೆ ಆರಿಸುವುದು ನೆನಪಿರುವುದಿಲ್ಲ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ.

‘ಈಗ ಯಾವ ಕಾಲ?’ ವೈದ್ಯರ ಪ್ರಶ್ನೆ. ನವೆಂಬರ್ ತಿಂಗಳು. ತುಮಕೂರಿನಲ್ಲಾದರೆ ಕಾರ್ತಿಕದ ಚಳಿ ಹಿಡಿಯುವ ಹೊತ್ತು. ಸಿಡ್ನಿಯಲ್ಲಿ ವಸಂತ ಮುಗಿಯುತ್ತಾ ಬೇಸಿಗೆ ಹತ್ತಿರ ಬಂದಿರುತ್ತದೆ. ‘ಚಳಿಗಾಲ’ ಎನ್ನುತ್ತಾರೆ ಅಜ್ಜಿ. ಒಂದು ಅಂಕ ಹೋಯಿತು.

ಮುಂದೆ, ‘ವರ್ಲ್ಡ್’ ಎಂಬ ಇಂಗ್ಲಿಷ್ ಪದದ ಅಕ್ಷರಗಳನ್ನು ಕೊನೆಯಿಂದ ಮೊದಲಿಗೆ ಹೇಳಬೇಕು. ಇಲ್ಲವೇ ನೂರರಿಂದ ಏಳೇಳು ಕಳೆಯುತ್ತಾ ಬರಬೇಕು. ಅಜ್ಜಿ ಶಾಲೆ ಬಿಟ್ಟಿದ್ದು ನಾಲ್ಕನೇ ಕ್ಲಾಸಿನಲ್ಲಿ. ಐದು ಅಂಕ ಹೋದವು. ಕಾಗದದ ಮೇಲೆ ಒಂದು ವಾಕ್ಯ ಬರೆಯಿರಿ ಎಂದಾಗ ಅವರು ಪೆನ್ನು ಮುಟ್ಟದೆ ಮಗನ ಮುಖ ನೋಡುತ್ತಾರೆ.

ಅಂಕಗಳನ್ನು ಕೂಡಿಸಿದರೆ ಫಲಿತಾಂಶ ಕೆಟ್ಟದಾಗಿದೆ. ಅಜ್ಜಿಗೆ ಮರೆವಿನ ಕಾಯಿಲೆ ಡಿಮೆನ್ಷಿಯಾ ಬಂದಿದೆಯೋ, ಅವರಿಗೆ ಇಂಗ್ಲಿಷ್ ಬಾರದೋ? ಆ ಕಾಗದಕ್ಕೆ ಗೊತ್ತಿಲ್ಲ.

ನಾಲ್ಕು ಸಾಮಾನಿನ ಪಟ್ಟಿ

ಅಜ್ಜಿಗೆ ಕೊಟ್ಟ ಪರೀಕ್ಷೆಯ ಹೆಸರು ಮಿನಿ ಮೆಂಟಲ್ ಸ್ಟೇಟ್ ಎಗ್ಸಾಮಿನೇಷನ್. 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡು ಜಗತ್ತಿನಾದ್ಯಂತ ಬಳಕೆಗೆ ಬಂತು. ಇಂಗ್ಲಿಷ್ ಬಲ್ಲ, ಓದು ಬರಹ ಕಲಿತವರಿಗೆ ಅದು ಸರಿಯೇ. ವಲಸೆ ಬಂದ ಹಿರಿಯರ ವಿಷಯದಲ್ಲಿ ಅದು ಎಡವುತ್ತಿರುವುದನ್ನು ನೈಋತ್ಯ ಸಿಡ್ನಿಯ ವೈದ್ಯರು ದಿನವೂ ಕಾಣುತ್ತಿದ್ದರು. ಆಸ್ಪತ್ರೆಗೆ ಬರುವವರು ಹತ್ತಾರು ಭಾಷೆಯವರು, ಹತ್ತಾರು ದೇಶದವರು.

2004ರಲ್ಲಿ ಅಲ್ಲಿಂದಲೇ ಹೊಸ ಪರೀಕ್ಷೆಯೊಂದು ಹೊರಬಂತು. ಅದನ್ನು ಚಿಕ್ಕದಾಗಿ ರೂಡಾಸ್ ಎನ್ನುತ್ತಾರೆ. ದುಭಾಷಿಯ ಮೂಲಕ ಯಾವ ಭಾಷೆಯಲ್ಲಾದರೂ ಕೇಳಬಹುದಾದ ಪ್ರಶ್ನೆಗಳು ಅದರಲ್ಲಿವೆ. ‘ನೀವು ಅಂಗಡಿಗೆ ಹೋಗಿ ನಾಲ್ಕು ಸಾಮಾನು ತರಬೇಕು: ಚಹಾ, ಅಡುಗೆ ಎಣ್ಣೆ, ಮೊಟ್ಟೆ, ಸೋಪು’ ಎಂದು ಹೇಳಿ, ಸ್ವಲ್ಪ ಹೊತ್ತಿನ ನಂತರ ಆ ಪಟ್ಟಿಯನ್ನು ಕೇಳುತ್ತಾರೆ. ಬಲಗಾಲು ತೋರಿಸಿ ಎನ್ನುತ್ತಾರೆ. ಒಂದು ಕೈ ಮುಷ್ಟಿ, ಇನ್ನೊಂದು ಅಂಗೈ, ಹೀಗೆ ಅದಲು ಬದಲು ಮಾಡಿಸುತ್ತಾರೆ. ಸಿಗ್ನಲ್ ಇಲ್ಲದ, ವಾಹನ ತುಂಬಿದ ರಸ್ತೆಯನ್ನು ಹೇಗೆ ದಾಟುತ್ತೀರಿ ಎಂದು ಕೇಳುತ್ತಾರೆ. ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಿಸುತ್ತಾರೆ. ಒಟ್ಟು 30 ಅಂಕ. 22 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ.

ಕಾಯಿಲೆ ಅದೇ, ಮಿದುಳು ಅದೇ. ಬದಲಾದದ್ದು ಪ್ರಶ್ನೆ ಕೇಳುವ ರೀತಿ. ವಲಸೆ ಬಂದ ಹಿರಿಯರ ಆರೈಕೆಯನ್ನು ಅವರ ಭಾಷೆಗೆ, ಊಟಕ್ಕೆ, ಆಚಾರಕ್ಕೆ ಹೊಂದಿಸುವುದನ್ನು ಹೆಚ್ಚುವರಿ ಸೌಕರ್ಯ ಎಂದುಕೊಳ್ಳುವವರಿದ್ದಾರೆ. ಅದು ಸೌಕರ್ಯವಲ್ಲ, ಚಿಕಿತ್ಸೆಯ ಭಾಗ. ಹಾಗೆ ಹೊಂದಿಸದಿದ್ದರೆ ರೋಗ ಪತ್ತೆಯೇ ತಪ್ಪುತ್ತದೆ, ಔಷಧ ತಪ್ಪುತ್ತದೆ, ಮನುಷ್ಯ ಮೌನಕ್ಕೆ ಜಾರುತ್ತಾನೆ.

ದುಡಿದವರಿಗೆ ವಯಸ್ಸಾದಾಗ

ಎರಡನೇ ಮಹಾಯುದ್ಧ ಮುಗಿದಾಗ ಆಸ್ಟ್ರೇಲಿಯಾಕ್ಕೆ ಜನ ಬೇಕಿತ್ತು. 1945ರಲ್ಲಿ ಮೊದಲ ವಲಸೆ ಸಚಿವರಾದ ಆರ್ಥರ್ ಕಾಲ್ವೆಲ್ ಯುರೋಪಿನಿಂದ ಜನರನ್ನು ಕರೆತರುವ ಬೃಹತ್ ಯೋಜನೆಗೆ ಕೈಹಾಕಿದರು. ಇಟಲಿ, ಗ್ರೀಸ್, ಪೋಲೆಂಡ್, ಯುಗೊಸ್ಲಾವಿಯಾಗಳಿಂದ ಹಡಗು ಹಡಗು ಜನ ಬಂದಿಳಿದರು. 1949ರಲ್ಲಿ ಶುರುವಾದ ಸ್ನೋಯಿ ಮೌಂಟನ್ಸ್ ಜಲವಿದ್ಯುತ್ ಯೋಜನೆಯೊಂದರಲ್ಲೇ, ಅದು ಮುಗಿದ 1974ರ ಹೊತ್ತಿಗೆ, 30ಕ್ಕೂ ಹೆಚ್ಚು ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಬೆವರು ಸುರಿಸಿದ್ದರು.

ಅವರು ಕಾರ್ಖಾನೆಯಲ್ಲಿ, ಸುರಂಗದಲ್ಲಿ, ಹಣ್ಣಿನ ತೋಟದಲ್ಲಿ ದುಡಿದರು. ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಕಲಿತರು. ಮನೆಯೊಳಗೆ ಇಟಾಲಿಯನ್, ಗ್ರೀಕ್ ಉಳಿಯಿತು. ಮನೆ, ಅಡುಗೆಕೋಣೆ, ಚರ್ಚುಗಳಲ್ಲೇ ಬದುಕು ಕಳೆದ ಹಲವು ಹೆಂಗಸರಿಗೆ ಇಂಗ್ಲಿಷಿನ ಗರಜು ಬೀಳಲೇ ಇಲ್ಲ.

ಇವರಿಗೆ ವಯಸ್ಸಾಗುತ್ತದೆ ಎಂಬುದನ್ನು ಸರ್ಕಾರಕ್ಕಿಂತ ಮೊದಲು ಮನಗಂಡದ್ದು ಅವರದೇ ಸಮುದಾಯಗಳು. 1968ರಲ್ಲಿ ಇಟಾಲಿಯನ್ನರು ಕೊ-ಆಸ್-ಇಟ್ ಎಂಬ ನೆರವಿನ ಸಂಸ್ಥೆಯನ್ನು ಕಟ್ಟಿದರು. 1972ರಲ್ಲಿ ಮೆಲ್ಬರ್ನಿನ ಗ್ರೀಕರು ತಮ್ಮದೇ ಕಲ್ಯಾಣ ಸಂಘ ಆರಂಭಿಸಿದರು. 1977ರಲ್ಲಿ ಅದೇ ನಗರದ ಗ್ರೀಕ್ ಹಿರಿಯರಿಗಾಗಿ ಫ್ರೊಂಡಿಥಾ ಕೇರ್ ಹುಟ್ಟಿತು. ಸಿಡ್ನಿಯ ಚೀನೀ ಸಮುದಾಯ 1980ರ ದಶಕದ ಆರಂಭದಲ್ಲಿ ಇದೇ ಹಾದಿ ಹಿಡಿಯಿತು. ಊರಿನವರು ಕೈಯಿಂದ ಹಣ ಹಾಕಿ, ಭಾನುವಾರದ ಬಿಡುವಿನಲ್ಲಿ ಓಡಾಡಿ ಬೆಳೆಸಿದ ಕೆಲಸಗಳಿವು.

ಸರ್ಕಾರವೂ ಕ್ರಮೇಣ ಹೆಜ್ಜೆ ಹಾಕಿತು. 1973ರಲ್ಲಿ ಬಿಳಿಯರಿಗಷ್ಟೇ ಬಾಗಿಲು ತೆರೆಯುವ ವಲಸೆ ನೀತಿ ಸಂಪೂರ್ಣ ಕೊನೆಗೊಂಡಿತು. ಅದೇ ವರ್ಷ ದೂರವಾಣಿ ದುಭಾಷಿ ಸೇವೆ ಶುರುವಾಯಿತು. 1978ರ ಗಾಲ್ಬಲ್ಲಿ ವರದಿ, ವಲಸಿಗರಿಗೆ ಅವರವರ ಸಮುದಾಯಗಳ ಮೂಲಕವೇ ಸೇವೆ ತಲುಪಿಸಬೇಕೆಂಬ ಚಿಂತನೆಗೆ ಬಲ ಕೊಟ್ಟಿತು. ಇಂದು ಆ ದೇಶದಲ್ಲಿ 65 ದಾಟಿದ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹೊರದೇಶದಲ್ಲಿ ಹುಟ್ಟಿದವರು.

ಮನೆಯಲ್ಲೇ ಇರಲಿ ಎಂಬ ಹಂಬಲ

ವಲಸೆ ಬಂದ ಹಿರಿಯರು ವೃದ್ಧಾಶ್ರಮದ ಹೆಸರೆತ್ತಿದರೆ ಹಿಂಜರಿಯುತ್ತಾರೆ. ಮನೆಯಲ್ಲೇ ಮಕ್ಕಳ ನಡುವೆ ಕಣ್ಣು ಮುಚ್ಚಬೇಕೆಂಬ ಆಸೆ ಗ್ರೀಕರ ಅಜ್ಜಿ ‘ಯಾಯಾ’ಗೂ ಇದೆ, ಕನ್ನಡದ ಅಜ್ಜಿಗೂ ಇದೆ. ಮಕ್ಕಳಿಗೂ ಹೆತ್ತವರನ್ನು ಬಿಟ್ಟುಬಂದರೆಂಬ ಮಾತು ಕೇಳಲು ಇಷ್ಟವಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಹಿರಿಯರು ಒಬ್ಬರೇ.

ಇದಕ್ಕೆ ಆಸ್ಟ್ರೇಲಿಯಾ ಕಂಡುಕೊಂಡ ದಾರಿ ಮನೆಗೇ ಆರೈಕೆ ಕಳಿಸುವುದು. 1985ರಲ್ಲಿ ಕೇಂದ್ರ ಮತ್ತು ರಾಜ್ಯಗಳು ಸೇರಿ ಮನೆ ಮತ್ತು ಸಮುದಾಯ ಆರೈಕೆಯ ಯೋಜನೆಯನ್ನು ಜಾರಿಗೆ ತಂದವು. ಸ್ನಾನಕ್ಕೆ ನೆರವು, ಮನೆ ಶುಚಿ, ಊಟ, ಆಸ್ಪತ್ರೆಗೆ ವಾಹನ, ನರ್ಸ್ ಭೇಟಿ, ಮನೆಯವರಿಗೆ ಕೆಲವು ದಿನ ಬಿಡುವು, ಎಲ್ಲವೂ ಇದರೊಳಗೆ. ಈಗ ‘ಮೈ ಏಜ್ಡ್ ಕೇರ್’ ಎಂಬ ಸರ್ಕಾರಿ ಸೇವೆಗೆ ಕರೆ ಮಾಡಿದರೆ ಮನೆಗೆ ಬಂದು ಪರಿಶೀಲಿಸುತ್ತಾರೆ. ಅಗತ್ಯಕ್ಕೆ ತಕ್ಕ ಹಂತ ನಿಗದಿಯಾಗುತ್ತದೆ. ಆ ಹಂತಕ್ಕೆ ಇಂತಿಷ್ಟು ಎಂದು ಸರ್ಕಾರದ ಹಣ ಇರುತ್ತದೆ. ಸೇವೆ ಕೊಡುವ ಸಂಸ್ಥೆಯನ್ನು ಹಿರಿಯರೇ ಆರಿಸಿಕೊಳ್ಳುತ್ತಾರೆ.

ಈ ಕೊನೆಯ ಮಾತು ಮುಖ್ಯ. 2017ರ ಫೆಬ್ರುವರಿಯಿಂದ ಹಣ ಸಂಸ್ಥೆಯ ಹೆಸರಿನಲ್ಲಿಲ್ಲ, ಹಿರಿಯರ ಹೆಸರಿನಲ್ಲಿದೆ. ಒಂದು ಸಂಸ್ಥೆಗೆ ಅಜ್ಜಿಯ ಮಾತು ಅರ್ಥವಾಗದಿದ್ದರೆ ಇನ್ನೊಂದಕ್ಕೆ ಹೋಗಬಹುದು.

ಸ್ನಾನ, ಊಟ, ಕೊರಳಿನ ದಾರ

ಹಾಗಾದರೆ ಒಗ್ಗುವ ಆರೈಕೆ ಎಂದರೇನು? ಬೆಳಗಿನ ಎಂಟು ಗಂಟೆಗೆ ಆರೈಕೆದಾರರು ಬಾಗಿಲು ತಟ್ಟಿದ ಕ್ಷಣದಿಂದ ನೋಡಿ.

ಚಪ್ಪಲಿ ಹೊರಗೆ ಬಿಡುತ್ತಾರೋ, ಹಾಗೆಯೇ ಒಳಗೆ ಬರುತ್ತಾರೋ? ಬಂದವರು ಗಂಡಸೋ, ಹೆಂಗಸೋ? ಗಂಡನ ಹೊರತು ಬೇರೆ ಗಂಡಸು ಮೈ ಮುಟ್ಟದ ಹೆಂಗಸಿಗೆ ಸ್ನಾನ ಮಾಡಿಸಲು ಅಪರಿಚಿತ ಗಂಡಸು ಬಂದರೆ ಅವರು ‘ಇವತ್ತು ಸ್ನಾನ ಬೇಡ’ ಎನ್ನುತ್ತಾರೆ. ಟಿಪ್ಪಣಿಯಲ್ಲಿ ‘ಸ್ನಾನಕ್ಕೆ ನಿರಾಕರಿಸಿದರು’ ಎಂದು ದಾಖಲಾಗುತ್ತದೆ. ನಿಜವಾದ ಕಾರಣ ಅಲ್ಲಿ ಬರುವುದೇ ಇಲ್ಲ.

ಶವರ್ ಕೆಳಗೆ ನಿಂತು ಅಭ್ಯಾಸವಿಲ್ಲದವರಿಗೆ ಕುರ್ಚಿ ಹಾಕಿ, ಬಕೆಟ್ಟು ಚೊಂಬು ಇಟ್ಟುಕೊಟ್ಟರೆ ಕೆಲಸ ಸಲೀಸು. ಶೌಚಕ್ಕೆ ಕಾಗದವೊಂದೇ ಸಾಲದು, ನೀರು ಬೇಕು. ಅದನ್ನು ಕೇಳಲು ನಾಚುವವರು ಗಂಟೆಗಟ್ಟಲೆ ಕಟ್ಟಿಕೊಂಡು ಕೂರುತ್ತಾರೆ. ಅದರಿಂದ ಬೇರೆ ತೊಂದರೆಗಳು ಹುಟ್ಟುತ್ತವೆ.

ಕೊರಳಲ್ಲಿ ಏನಿದೆ ನೋಡಿ. ಲಿಂಗಾಯತರ ಎದೆಯ ಮೇಲೆ ಇಷ್ಟಲಿಂಗವಿರುತ್ತದೆ; ಸ್ನಾನ ಮಾಡಿಸುವಾಗ ಅದನ್ನು ತೆಗೆದು ಬಟ್ಟೆಯ ರಾಶಿಯ ಮೇಲೆ ಇಡುವಂತಿಲ್ಲ. ಒಬ್ಬರಿಗೆ ಜನಿವಾರ, ಒಬ್ಬರಿಗೆ ತಾಳಿ, ಮಂಗಳೂರಿನ ಕ್ರೈಸ್ತ ಅಜ್ಜಿಗೆ ಜಪಮಾಲೆ. ಬ್ಯಾರಿ ಸಮುದಾಯದ ಅಜ್ಜನಿಗೆ ನಮಾಜಿನ ಮುಂಚೆ ವುಜೂ ಮಾಡಲು ನೀರು, ಕೂತು ಪ್ರಾರ್ಥಿಸಲು ಒಂದು ಕುರ್ಚಿ. ಎಕ್ಸ್‌ರೇ, ಎಂಆರ್‌ಐಗೆ ಕರೆದೊಯ್ಯುವಾಗ ಇವುಗಳಲ್ಲಿ ಯಾವುದನ್ನು ತೆಗೆಯಬೇಕೆಂದರೂ ಮೊದಲು ಕೇಳಬೇಕು, ತೆಗೆದದ್ದನ್ನು ಯಾರ ಕೈಗೆ ಕೊಡಬೇಕೆಂದೂ ಕೇಳಬೇಕು.

ಇನ್ನು ಊಟ. ‘ಇಂಡಿಯನ್ ಫುಡ್’ ಎಂಬ ಒಂದೇ ಡಬ್ಬಿಯಲ್ಲಿ ನಮ್ಮ ಊಟ ಅಡಗುವುದಿಲ್ಲ. ಮಂಡ್ಯದವರಿಗೆ ಮುದ್ದೆ, ಬಸ್ಸಾರು. ವಿಜಯಪುರದವರಿಗೆ ಜೋಳದ ರೊಟ್ಟಿ. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ. ಸಮುದಾಯದ ಸಂಸ್ಥೆ ಕಳಿಸಿದ ಊಟವೂ ಬೆಣ್ಣೆ ಹಾಕಿದ ಉತ್ತರ ಭಾರತದ ಪಲ್ಯವಾಗಿದ್ದರೆ ಅಜ್ಜಿ ಎರಡು ತುತ್ತಿಗೇ ಸಾಕೆನ್ನುತ್ತಾರೆ. ವಯಸ್ಸಾದವರಲ್ಲಿ ತೂಕ ಇಳಿಯುವುದು ದೊಡ್ಡ ಅಪಾಯ. ಬಿದ್ದರೆ ಮೂಳೆ ಮುರಿಯುತ್ತದೆ, ಗಾಯ ಮಾಯುವುದಿಲ್ಲ.

ಉಪವಾಸ ಇನ್ನೊಂದು ಸೂಕ್ಷ್ಮ. ಏಕಾದಶಿಯಂದು ನೀರನ್ನೂ ಮುಟ್ಟದವರಿದ್ದಾರೆ, ಸೋಮವಾರ ಒಪ್ಪೊತ್ತು ಉಣ್ಣುವವರಿದ್ದಾರೆ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತೆಂದು ಗೊತ್ತಿರುವ ಆರೈಕೆದಾರರು ಹಿಂದಿನ ದಿನವೇ ವೈದ್ಯರನ್ನು ಕೇಳಿ ಪ್ರಮಾಣ ಹೊಂದಿಸಿಕೊಳ್ಳುತ್ತಾರೆ. ಇಲ್ಲಿ ಸಂಸ್ಕೃತಿಯ ತಿಳಿವಳಿಕೆಯೇ ಜೀವ ಉಳಿಸುತ್ತದೆ.

ಆದರೆ ಇದನ್ನು ಜಾತಿ, ಧರ್ಮದ ಪ್ರಕಾರ ಬರೆದಿಟ್ಟ ಪಟ್ಟಿಯಾಗಿ ಮಾಡಿಕೊಂಡರೆ ಇನ್ನೊಂದು ತಪ್ಪು. ಹಿಂದೂ ಎಂದಾಕ್ಷಣ ಎಲ್ಲರೂ ಸಸ್ಯಾಹಾರಿಗಳಲ್ಲ. ವಿಧವೆಯಾದವರೆಲ್ಲ ಹೂವು, ಕುಂಕುಮ ಬೇಡ ಎನ್ನುವುದಿಲ್ಲ. ಪಟ್ಟಿ ಊಹೆಗೆ ನೆರವಾದೀತು, ಉತ್ತರ ಹೇಳಬೇಕಾದವರು ಆ ಮನುಷ್ಯರೇ. ‘ನಿಮಗೆ ಹೇಗೆ ಬೇಕು?’ ಎಂದು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳುವುದೇ ಒಳ್ಳೆಯ ಆರೈಕೆಯ ಮೊದಲ ಕೆಲಸ.

ಬಾಕ್ಸ್: ಆರೈಕೆದಾರರ ಕೈಗೆ ಒಂದು ಹಾಳೆ

ಮನೆಗೆ ಹೊಸಬರು ಬರುವ ಮುನ್ನ ಇಷ್ಟನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

- ಹಿರಿಯರನ್ನು ಏನೆಂದು ಕರೆಯಬೇಕು: ಅಮ್ಮ, ಅಜ್ಜಿ, ಅವ್ವ, ಮೇಷ್ಟ್ರು?
- ಆಡುವ ಭಾಷೆಗಳು, ಯಾವುದು ಹೆಚ್ಚು ಸಲೀಸು.
- ಸ್ನಾನದ ಹೊತ್ತು, ವಿಧಾನ, ಸಹಾಯಕ್ಕೆ ಹೆಂಗಸೋ ಗಂಡಸೋ.
- ಮೈಮೇಲಿಂದ ತೆಗೆಯಬಾರದ ವಸ್ತುಗಳು.
- ತಿನ್ನುವುದು, ತಿನ್ನದಿರುವುದು, ಉಪವಾಸದ ದಿನಗಳು.
- ನೋವು, ನೀರು, ಶೌಚ, ಸಾಕು, ಬೇಡ, ಬನ್ನಿ: ಈ ಆರು ಪದಗಳ ಕನ್ನಡ, ಇಂಗ್ಲಿಷ್ ಅಕ್ಷರದಲ್ಲಿ.
- ಇಷ್ಟದ ಹಾಡು, ರೇಡಿಯೊ, ದೇವರ ನಾಮ.
- ಕಷ್ಟದ ಸುದ್ದಿಯನ್ನು ಮೊದಲು ಯಾರಿಗೆ ಹೇಳಬೇಕು.

ಮೊದಲು ಕಲಿತದ್ದು ಕೊನೆಗೆ ಉಳಿಯುತ್ತದೆ

ಡಿಮೆನ್ಷಿಯಾ ಇದ್ದವರಲ್ಲಿ ಈಚಿನ ನೆನಪುಗಳು ಮೊದಲು ಅಳಿಸುತ್ತವೆ, ಹಳೆಯವು ಉಳಿಯುತ್ತವೆ. ಭಾಷೆಗೂ ಅನೇಕ ಸಲ ಇದೇ ಆಗುತ್ತದೆ. ನಲವತ್ತು ವರ್ಷ ಇಂಗ್ಲಿಷಿನಲ್ಲಿ ಪಾಠ ಮಾಡಿದ ಪ್ರೊಫೆಸರು, ಆಪರೇಷನ್ ಥಿಯೇಟರಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡಿದ ವೈದ್ಯೆ ಕೂಡ ಮರೆವು ಹೆಚ್ಚಾದಂತೆ ತಾಯಿಯಿಂದ ಕಲಿತ ಮಾತಿಗೆ ಮರಳಬಹುದು. ಆ ಹೊತ್ತಿನಲ್ಲಿ ಸುತ್ತ ಇರುವವರಿಗೆ ಆ ಮಾತು ಬಾರದಿದ್ದರೆ ಅವರ ಸಿಟ್ಟು, ಅಳು, ಚಡಪಡಿಕೆಗಳೆಲ್ಲ ರೋಗದ ಲಕ್ಷಣಗಳಾಗಿಯೇ ಕಾಣುತ್ತವೆ. ಹೊಟ್ಟೆ ನೋಯುತ್ತಿದೆ ಎಂದು ಕನ್ನಡದಲ್ಲಿ ಹೇಳುತ್ತಿರುವವರಿಗೆ ನಿದ್ದೆ ಬರಿಸುವ ಮಾತ್ರೆ ಸಿಗಬಹುದು.

ಬಹುಭಾಷೆಯ ಬದುಕು ಮಿದುಳಿಗೆ ಬಲ ಎಂಬುದಕ್ಕೆ ನಮ್ಮ ನೆಲದ್ದೇ ಸಂಶೋಧನೆಯಿದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ಅಂತರ ಇತ್ತು. ಭಾಷೆಗಳು ಇಷ್ಟು ಕಾಲ ಕಾಪಾಡಿದ ಮನಸ್ಸನ್ನು, ರೋಗ ಬಂದ ಮೇಲೆ ಮಾತಿಲ್ಲದ ಕೋಣೆಯಲ್ಲಿ ಕೂರಿಸುವುದು ಅನ್ಯಾಯ.

ಹಾಗಾದರೆ ಮಗನೋ ಸೊಸೆಯೋ ಜೊತೆಗಿದ್ದು ಅನುವಾದಿಸಿದರೆ ಸಾಲದೇ? ದಿನದ ಮಾತುಕತೆಗೆ ಸಾಕು. ವೈದ್ಯರ ಮುಂದೆ ಸಾಲದು. ಮೂತ್ರ ತಡೆಯಲಾಗುತ್ತಿಲ್ಲ ಎಂದು ತಾಯಿ ಮಗನ ಬಾಯಲ್ಲಿ ಹೇಳಿಸುವುದಿಲ್ಲ. ಕ್ಯಾನ್ಸರ್ ಎಂಬ ಮಾತನ್ನು ಮಗಳು ತಂದೆಗೆ ದಾಟಿಸುವುದಿಲ್ಲ. ಮನೆಯಲ್ಲೇ ಬೈಗುಳ, ಹೊಡೆತ ಇದ್ದರಂತೂ ಅದನ್ನು ಹೇಳುವ ದಾರಿಯೇ ಮುಚ್ಚುತ್ತದೆ.

ಅದಕ್ಕಾಗಿಯೇ ತರಬೇತಿ ಪಡೆದ ದುಭಾಷಿಗಳು. 1973ರಲ್ಲಿ ಶುರುವಾದ ದೂರವಾಣಿ ಸೇವೆ ಇಂದು 131 450 ಎಂಬ ಸಂಖ್ಯೆಯಲ್ಲಿ ಹಗಲೂ ರಾತ್ರಿ, 150ಕ್ಕೂ ಹೆಚ್ಚು ಭಾಷೆಗಳಲ್ಲಿ ಸಿಗುತ್ತದೆ. ಕೇಳಿದ್ದನ್ನು ಹೊರಗೆ ಹೇಳಬಾರದೆಂಬ ಕಟ್ಟುಪಾಡು ಅವರಿಗಿದೆ. ‘ದುಭಾಷಿ ಬೇಕು’ ಎನ್ನುವುದು ಮಕ್ಕಳಿಗೆ ಅವಮಾನವಲ್ಲ, ಹೆತ್ತವರಿಗೆ ಗೌರವ.

ಪರಿಚಿತ ಮುಖಗಳು ಮಾಯವಾದ ದಿನ

ಪರಿಚಿತ ಕೈ, ಪರಿಚಿತ ಮಾತು ಇಲ್ಲವಾದರೆ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯಾ 2020ರ ಜುಲೈನಲ್ಲಿ ಕಂಡಿತು. ಮೆಲ್ಬರ್ನಿನ ಉತ್ತರಕ್ಕಿರುವ ಫಾಕ್ನರ್‌ನಲ್ಲಿ ಗ್ರೀಕ್ ಹಿರಿಯರ ಸೇಂಟ್ ಬೇಸಿಲ್ಸ್ ಎಂಬ ಆರೈಕೆ ಮನೆ. ಅಲ್ಲಿ ಕೋವಿಡ್ ಹರಡಿದಾಗ, ಸೋಂಕಿತರ ಸಂಪರ್ಕದಲ್ಲಿದ್ದರೆಂದು ಸಿಬ್ಬಂದಿಯನ್ನೆಲ್ಲ ಒಂದೇ ಸಲ ಮನೆಗೆ ಕಳಿಸಲಾಯಿತು. ಅವರ ಜಾಗಕ್ಕೆ ಹೊಸಬರು ಬಂದರು. ಯಾರು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಹೆಚ್ಚಿನವರಿಗೆ ಗ್ರೀಕ್ ಬರುತ್ತಿರಲಿಲ್ಲ. ಯಾರಿಗೆ ಯಾವ ಔಷಧ, ಯಾರಿಗೆ ಕೈಯಾರೆ ಉಣಿಸಬೇಕು ಎಂಬ ತಿಳಿವಳಿಕೆ ಹಳಬರೊಂದಿಗೇ ಹೊರಗೆ ಹೋಗಿತ್ತು.

ಆ ಒಂದು ಮನೆಯಲ್ಲಿ 45 ಮಂದಿ ಕೋವಿಡ್‌ನಿಂದ ಸತ್ತರು. ಸೋಂಕೇ ಮುಖ್ಯ ಕಾರಣ, ನಿಜ. ಆದರೆ ಹಿರಿಯರನ್ನು ಬಲ್ಲವರು, ಅವರ ಭಾಷೆ ಬಲ್ಲವರು ಆರೈಕೆಯ ಬೆನ್ನೆಲುಬು ಎಂಬುದನ್ನು ಆ ದಿನಗಳು ಬಹಳ ದುಬಾರಿ ಬೆಲೆಗೆ ಕಲಿಸಿದವು.

ಹಕ್ಕು ಬಂದ ನವೆಂಬರ್ 1

ಆ ಸಾವುಗಳಿಗೂ ಮುಂಚೆಯೇ, 2018ರ ಅಕ್ಟೋಬರಿನಲ್ಲಿ, ಹಿರಿಯರ ಆರೈಕೆಯ ಗುಣಮಟ್ಟವನ್ನು ತನಿಖೆ ಮಾಡಲು ರಾಯಲ್ ಕಮಿಷನ್ ಎಂಬ ಆಯೋಗ ನೇಮಕವಾಗಿತ್ತು. 2019ರ ಅದರ ಮಧ್ಯಂತರ ವರದಿಯ ಶೀರ್ಷಿಕೆ ಒಂದೇ ಪದ: ನಿರ್ಲಕ್ಷ್ಯ. 2021ರ ಮಾರ್ಚ್ 1ರಂದು ಸಂಸತ್ತಿನ ಮುಂದೆ ಬಂದ ಅಂತಿಮ ವರದಿಯಲ್ಲಿ 148 ಶಿಫಾರಸುಗಳಿದ್ದವು. ಅದರಲ್ಲಿ ಮೊದಲನೆಯದು ಹೊಸ ಕಾನೂನು ಬೇಕೆಂಬುದು. ಹಳೆಯ ಕಾನೂನು ಸಂಸ್ಥೆಗಳಿಗೆ ಹಣ ಕೊಡುವ ಬಗೆಯನ್ನು ಹೇಳುತ್ತಿತ್ತು. ಹೊಸದು ಹಿರಿಯರ ಹಕ್ಕಿನಿಂದ ಶುರುವಾಗಬೇಕೆಂದು ಆಯೋಗ ಬಯಸಿತು.

ಆ ಕಾನೂನು ಜಾರಿಗೆ ಬಂದದ್ದು 2025ರ ನವೆಂಬರ್ 1ರಂದು. ಕರ್ನಾಟಕದಲ್ಲಿ, ಸಿಡ್ನಿ ಮೆಲ್ಬರ್ನಿನ ಕನ್ನಡ ಮನೆಗಳಲ್ಲಿ, ಅದು ರಾಜ್ಯೋತ್ಸವದ ದಿನ. ಹಿರಿಯರು ತಮಗೆ ಬೇಕಾದ ಭಾಷೆಯಲ್ಲಿ ಮಾತಾಡಬಹುದು, ಅಗತ್ಯವಿದ್ದಾಗ ದುಭಾಷಿ ಪಡೆಯಬಹುದು, ತಮ್ಮ ಸಂಸ್ಕೃತಿ ಮತ್ತು ನಂಬಿಕೆಗೆ ಮರ್ಯಾದೆ ಸಿಗುವ ಆರೈಕೆ ಕೇಳಬಹುದು ಎಂದು ಆ ಕಾನೂನಿನ ಹಕ್ಕುಗಳ ಪಟ್ಟಿ ಹೇಳುತ್ತದೆ.

ಅದೇ ದಿನ ಮನೆ ಆರೈಕೆಗೆ ‘ಸಪೋರ್ಟ್ ಅಟ್ ಹೋಮ್’ ಎಂಬ ಹೊಸ ವ್ಯವಸ್ಥೆ ಬಂತು. ಮೊದಲಿದ್ದ ನಾಲ್ಕು ಹಂತಗಳ ಬದಲು ಎಂಟು. ಅತಿ ಹೆಚ್ಚು ಅಗತ್ಯವಿರುವವರಿಗೆ ವರ್ಷಕ್ಕೆ ಸುಮಾರು 78 ಸಾವಿರ ಆಸ್ಟ್ರೇಲಿಯನ್ ಡಾಲರ್‌ವರೆಗೆ ನೆರವು. ನರ್ಸ್ ಮತ್ತು ಚಿಕಿತ್ಸೆಯ ವೆಚ್ಚ ಪೂರ್ತಿ ಸರ್ಕಾರದ್ದು. ಶುಚಿ, ಊಟದಂಥ ಸೇವೆಗಳಿಗೆ ಆದಾಯ, ಆಸ್ತಿ ನೋಡಿ ಒಂದು ಪಾಲು ಕೊಡಬೇಕು.

ಎಲ್ಲ ಸರಿಹೋಯಿತೆಂದಲ್ಲ. 2025ರ ಮಧ್ಯದಲ್ಲಿ ಮನೆ ಆರೈಕೆಗಾಗಿ ಒಂದು ಲಕ್ಷಕ್ಕೂ ಹೆಚ್ಚು ಹಿರಿಯರು ಸರದಿಯಲ್ಲಿ ಕಾಯುತ್ತಿದ್ದರು. ಎಂಬತ್ತೈದು ದಾಟಿದವರಿಗೆ ತಿಂಗಳುಗಟ್ಟಲೆ ಕಾಯಿರಿ ಎನ್ನುವುದು ಕ್ರೌರ್ಯ.

ಬಾಗಿಲಾಚೆ ನಿಂತ ಅಪ್ಪ ಅಮ್ಮ

ಹಕ್ಕು ಎಲ್ಲರಿಗೂ ದಕ್ಕುವುದಿಲ್ಲ. 2021ರ ಜನಗಣತಿಯ ಪ್ರಕಾರ ಆಸ್ಟ್ರೇಲಿಯಾದಲ್ಲಿ ಭಾರತದಲ್ಲಿ ಹುಟ್ಟಿದವರು 6.73 ಲಕ್ಷ. ಆ ಗಣತಿಯಲ್ಲಿ ಹುಟ್ಟಿದ ದೇಶಗಳ ಸಾಲಿನಲ್ಲಿ ಆಸ್ಟ್ರೇಲಿಯಾ, ಇಂಗ್ಲೆಂಡ್ ಬಿಟ್ಟರೆ ಭಾರತವೇ ಇತ್ತು. ಇವರಲ್ಲಿ ಹೆಚ್ಚಿನವರು ಯುವಕರು. ಅವರ ತಂದೆ ತಾಯಿ ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಇದ್ದಾರೆ.

ಹೆತ್ತವರನ್ನು ಕಾಯಂ ಆಗಿ ಕರೆಸಿಕೊಳ್ಳುವ ಸಾಮಾನ್ಯ ವೀಸಾಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾದೀತೆಂದು ಅಲ್ಲಿನ ಗೃಹ ಇಲಾಖೆಯೇ ಹೇಳುತ್ತದೆ. ಎಪ್ಪತ್ತರ ತಾಯಿಗೆ ನೂರರ ಭರವಸೆ! ಹಣ ಕಟ್ಟಿ ಬೇಗ ಪಡೆಯುವ ವೀಸಾಗೆ ಒಬ್ಬರಿಗೆ 50 ಸಾವಿರ ಡಾಲರಿನ ಆಸುಪಾಸು. ಅದಕ್ಕೂ ಹತ್ತಾರು ವರ್ಷದ ಸರದಿಯಿದೆ. 2019ರಲ್ಲಿ ಬಂದ ತಾತ್ಕಾಲಿಕ ಪೋಷಕರ ವೀಸಾದಲ್ಲಿ ಒಟ್ಟು ಹತ್ತು ವರ್ಷ ಇರಬಹುದು, ಆದರೆ ಸರ್ಕಾರದ ಆರೈಕೆ ಸಿಗುವುದಿಲ್ಲ, ವಿಮೆ ಸ್ವಂತದ್ದು.

ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಮನೆ ನೋಡಿಕೊಂಡು, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಲು ಅನುವು ಮಾಡಿಕೊಟ್ಟ ಅಜ್ಜ ಅಜ್ಜಿಯರು ಇವರು. ಆ ದೇಶದ ಸಂಪತ್ತಿಗೆ ಅವರ ಶ್ರಮವೂ ಸೇರಿದೆ. ಬಿದ್ದು ಸೊಂಟ ಮುರಿದುಕೊಂಡಾಗ ಅವರಿಗೆ ಆಸರೆ ಇಲ್ಲದಿರುವುದು ಆ ವ್ಯವಸ್ಥೆಯ ದೊಡ್ಡ ಕೊರತೆ.

ಬಾಕ್ಸ್: ಚೈನಾಟೌನಿನಿಂದ ಇಡೀ ಅಮೆರಿಕಕ್ಕೆ

1970ರ ದಶಕದ ಆರಂಭ. ಸ್ಯಾನ್‌ಫ್ರಾನ್ಸಿಸ್ಕೊದ ಚೈನಾಟೌನ್ ಮತ್ತು ನಾರ್ತ್ ಬೀಚ್‌ನಲ್ಲಿ ಚೀನೀ, ಇಟಾಲಿಯನ್, ಫಿಲಿಪಿನೊ ಹಿರಿಯರಿಗೆ ನರ್ಸಿಂಗ್ ಹೋಮ್, ಅಂದರೆ ಇದ್ದು ಆರೈಕೆ ಪಡೆಯುವ ಮನೆ, ಇರಲಿಲ್ಲ. ದಂತವೈದ್ಯ ವಿಲಿಯಂ ಗೀ ಮತ್ತು ಸಮಾಜ ಕಾರ್ಯಕರ್ತೆ ಮೇರಿ-ಲೂಯಿಸ್ ಆನ್ಸಾಕ್ ಕಟ್ಟಿದ ಆನ್ ಲಾಕ್ ಸಂಸ್ಥೆ ಬೇರೆ ದಾರಿ ಹಿಡಿಯಿತು. ಕಟ್ಟಡ ಕಟ್ಟುವ ಬದಲು ಬ್ರಿಟನ್ನಿನ ಹಗಲು ಆಸ್ಪತ್ರೆಗಳ ಮಾದರಿಯಲ್ಲಿ 1973ರಲ್ಲಿ ಹಗಲು ಕೇಂದ್ರ ತೆರೆಯಿತು. ಬೆಳಿಗ್ಗೆ ವಾಹನ ಬಂದು ಹಿರಿಯರನ್ನು ಕರೆದೊಯ್ಯುತ್ತದೆ. ವೈದ್ಯರು, ಔಷಧ, ವ್ಯಾಯಾಮ, ಬಾಯಿಗೆ ಹಿತವಾದ ಊಟ, ಮಾತಿಗೆ ಜೊತೆಗಾರರು ಒಂದೇ ಕಡೆ. ರಾತ್ರಿಗೆ ತಮ್ಮ ಮನೆ. ಈ ಪದ್ಧತಿಯೇ ಮುಂದೆ ‘ಪೇಸ್’ ಎಂಬ ಯೋಜನೆಯಾಗಿ, 1997ರ ಕಾಯ್ದೆಯಿಂದ ಅಮೆರಿಕದ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿ ಕಾಯಂ ಸ್ಥಾನ ಪಡೆಯಿತು. 55 ದಾಟಿದ, ನರ್ಸಿಂಗ್ ಹೋಮ್ ಮಟ್ಟದ ಆರೈಕೆ ಬೇಕಿರುವ ಹಿರಿಯರಿಗಾಗಿ ಇದು.

ಬೆಂಗಳೂರೂ ಪರವೂರೇ

ಕಡಲು ದಾಟಬೇಕಿಲ್ಲ. ಹಾಸನದ ತೋಟ ಬಿಟ್ಟು ವೈಟ್‌ಫೀಲ್ಡಿನ ಹದಿನಾಲ್ಕನೇ ಮಹಡಿಗೆ ಬಂದ ಅಜ್ಜನೂ ವಲಸಿಗನೇ. ನೆಲ ಮುಟ್ಟದ ಕಾಲು, ಹರಟೆಗೆ ಸಿಗದ ಜಗಲಿ. ನೋಡಿಕೊಳ್ಳಲು ಏಜೆನ್ಸಿ ಕಳಿಸಿದ ಹುಡುಗಿ ಒಡಿಶಾದವಳೋ ಅಸ್ಸಾಮಿನವಳೋ ಆಗಿರುತ್ತಾಳೆ. ಊರು ಬಿಟ್ಟು ಬಂದ ಅವಳ ಕಷ್ಟವೂ ಸಣ್ಣದಲ್ಲ. ಇಬ್ಬರ ನಡುವೆ ಹತ್ತು ಪದಗಳ ಸೇತುವೆ ಕಟ್ಟಿಕೊಡುವುದು ಮನೆಯವರ ಹೊಣೆ. ಬೆಂಗಳೂರಿನ ಹಿರಿಯರಿಗೆ ಪೊಲೀಸರ ಜೊತೆಗೂಡಿ ನಡೆಯುವ 1090, ದೇಶದೆಲ್ಲೆಡೆಗೆ 14567, ಈ ಎರಡು ಸಹಾಯವಾಣಿಗಳು ಪ್ರತಿ ಮನೆಯ ಫೋನಿನಲ್ಲೂ ಇರಲಿ.

ಕನ್ನಡ ಸಂಘಗಳ ಮುಂದಿನ ಕೆಲಸ

1970ರ ದಶಕದಲ್ಲಿ ವೈದ್ಯರಾಗಿ, ಎಂಜಿನಿಯರುಗಳಾಗಿ ಹೊರದೇಶಕ್ಕೆ ಹೋದ ಕನ್ನಡಿಗರು ಈಗ ಎಪ್ಪತ್ತು ಎಂಬತ್ತರ ಪ್ರಾಯದಲ್ಲಿದ್ದಾರೆ. ಕನ್ನಡ ಸಂಘಗಳನ್ನು ಕಟ್ಟಿದವರೂ ಅವರೇ. ಯುಗಾದಿ, ರಾಜ್ಯೋತ್ಸವ, ಮಕ್ಕಳ ಕನ್ನಡ ಶಾಲೆ, ನಾಟಕ, ಎಲ್ಲವನ್ನೂ ಆ ಸಂಘಗಳು ಪ್ರೀತಿಯಿಂದ ಮಾಡಿಕೊಂಡು ಬಂದಿವೆ. ಇಟಾಲಿಯನ್ನರು 1968ರಲ್ಲಿ ಎದುರಿಸಿದ ಪ್ರಶ್ನೆ ಈಗ ಅವುಗಳ ಮುಂದೆ ನಿಂತಿದೆ.

ದೊಡ್ಡ ಕಟ್ಟಡ ಬೇಕಿಲ್ಲ. ವಾರಕ್ಕೊಂದು ಬೆಳಿಗ್ಗೆ ಸಮುದಾಯ ಭವನದಲ್ಲಿ ಹಿರಿಯರ ಕೂಟ, ಉಪ್ಪಿಟ್ಟು, ಕಾಫಿ, ಒಂದಿಷ್ಟು ವ್ಯಾಯಾಮ, ಕರೆತರಲು ಕಾರು. ಅಲ್ಲಿಗೆ ತಿಂಗಳಿಗೊಮ್ಮೆ ನರ್ಸ್ ಬಂದು ರಕ್ತದೊತ್ತಡ ನೋಡಲಿ, ಅರ್ಜಿ ತುಂಬಲು ಬಲ್ಲವರು ಕೂರಲಿ. ಮನೆಯಿಂದ ಹೊರಬರಲಾಗದವರ ಬಳಿಗೆ ಹೋಗಲು ಆಸ್ಟ್ರೇಲಿಯಾ ಸರ್ಕಾರದ್ದೇ ಯೋಜನೆಯಿದೆ: 2023ರ ಜುಲೈನಿಂದ ನಡೆಯುತ್ತಿರುವ ಹಿರಿಯರ ಸ್ವಯಂಸೇವಕ ಭೇಟಿ ಯೋಜನೆಯಲ್ಲಿ ಒಂಟಿ ಹಿರಿಯರಿಗೆ ಅವರ ಭಾಷೆ ಬಲ್ಲ ಜೊತೆಗಾರರನ್ನು ಹೊಂದಿಸಿಕೊಡುತ್ತಾರೆ. ಕನ್ನಡದ ಸ್ವಯಂಸೇವಕರು ಹೆಸರು ಕೊಟ್ಟರೆ ತಾನೇ ಹೊಂದಿಸಲು ಸಾಧ್ಯ?

ಓದಲು ಹೋದ ನಮ್ಮ ಹುಡುಗ ಹುಡುಗಿಯರಲ್ಲಿ ಹಲವರು ಆರೈಕೆಯ ಕೆಲಸ ಮಾಡಿ ಫೀಸು ಕಟ್ಟುತ್ತಿದ್ದಾರೆ. ‘ಸರ್ಟಿಫಿಕೇಟ್ ತ್ರೀ ಇನ್ ಇಂಡಿವಿಜುವಲ್ ಸಪೋರ್ಟ್’ ಎಂಬ ತರಬೇತಿ ಈ ಕೆಲಸಕ್ಕೆ ಹಾದಿ. ಆರೈಕೆಯನ್ನು ಕೀಳು ಕೆಲಸವೆಂದು ನೋಡುವ ನಮ್ಮ ಕಣ್ಣು ಬದಲಾಗಬೇಕು. ಇನ್ನೊಬ್ಬರ ಅಜ್ಜನನ್ನು ಕನ್ನಡದಲ್ಲಿ ಮಾತಾಡಿಸುತ್ತಾ ಊಟ ಮಾಡಿಸುವವರಿಗೆ ಸಂಘದ ವೇದಿಕೆಯಲ್ಲಿ ಶಾಲು ಹೊದಿಸುವ ದಿನ ಬರಲಿ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಬಿಡಿಗಾಸಿನ ಖರ್ಚಿಲ್ಲದ ಕೆಲಸ. ಆರೈಕೆಯ ಅರ್ಜಿಯಲ್ಲಿ, ಆಸ್ಪತ್ರೆಯ ದಾಖಲೆಯಲ್ಲಿ, ಆಸ್ಟ್ರೇಲಿಯಾದಲ್ಲಿ ಐದು ವರ್ಷಕ್ಕೊಮ್ಮೆ ಬರುವ ಜನಗಣತಿಯ ನಮೂನೆಯಲ್ಲಿ ಮನೆಯಲ್ಲಿ ಆಡುವ ಭಾಷೆ ಯಾವುದೆಂದು ಕೇಳುತ್ತಾರೆ. ಅವಸರಕ್ಕೆ, ಸಂಕೋಚಕ್ಕೆ, ಅಷ್ಟು ಸಾಕೆಂಬ ಭಾವಕ್ಕೆ ‘ಇಂಗ್ಲಿಷ್’ ಎಂದು ಬರೆಯುವವರಿದ್ದಾರೆ. ಸರ್ಕಾರ ದುಭಾಷಿಗಳನ್ನು ಸಿದ್ಧಪಡಿಸುವುದು, ಸಂಸ್ಥೆಗಳು ಸಿಬ್ಬಂದಿಯನ್ನು ನೇಮಿಸುವುದು ಆ ಲೆಕ್ಕ ನೋಡಿ. ಯಾರೂ ನಮೂದಿಸದ ಭಾಷೆಗೆ ಯಾರೂ ಹಣ ತೆಗೆದಿಡುವುದಿಲ್ಲ. 2026 ಅಲ್ಲಿ ಮತ್ತೆ ಜನಗಣತಿಯ ವರ್ಷ. ಕನ್ನಡ ಎಂದೇ ಬರೆಯಿರಿ. ಹೆತ್ತವರ ಹಕ್ಕಿಗೆ ಅದೇ ಮೊದಲ ಸಾಕ್ಷಿ.